ಹಳೇಬೀಡಿನ ಬಳ್ಳಿಪಟ್ಟಿ, ಕಸೂತಿಯ ತುಳಸಿಕಟ್ಟೆ: ಸೀರೆಗೆ ತರುವಾಗ ಫೈಲ್ ಎಲ್ಲಿ ತಪ್ಪುತ್ತಿದೆ?

ಬಳ್ಳಿಅಂಚು, ಹಾಸನ

ಎಲ್ಲರಿಗೂ ನಮಸ್ಕಾರ. ಹೊಯ್ಸಳ ಗುಡಿಗಳ ಅಲಂಕಾರವನ್ನೂ ಕಸೂತಿಯ ಚಿತ್ತಾರವನ್ನೂ ಕಂಪ್ಯೂಟರಿನಲ್ಲಿ ಬರೆದು ಸೀರೆಗೆ ತರುವ ಕೆಲಸ ಇದು. ಎರಡು ಸ್ಯಾಂಪಲ್ ಬಂದಿವೆ, ಎರಡೂ ಸರಿಯಿಲ್ಲ. ಅಳತೆ ಸಮೇತ ಬರೆಯುತ್ತಿದ್ದೇನೆ, ತಿಳಿದವರು ತಪ್ಪು ಎಲ್ಲಿದೆ ಹೇಳಿ.

ಒಂದನೆಯದು ಡಿಜಿಟಲ್ ಪ್ರಿಂಟ್. ಹತ್ತಿ ಬಟ್ಟೆ, ಅಗಲ 115 ಸೆಂ.ಮೀ., ಉದ್ದ 5.5 ಮೀಟರ್, ಅದರಲ್ಲಿ ಸೆರಗು 1 ಮೀಟರ್. ಅಂಚು 10 ಸೆಂ.ಮೀ. ಅಂಚಿಗೆ ಆರಿಸಿದ್ದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳ್ಳಿಪಟ್ಟಿ, ಕೆಳಗಿನಿಂದ ಆನೆ, ಸಿಂಹ ಕಳೆದ ಮೇಲೆ ಬರುವ ಸಾಲು. ಮಧ್ಯಾಹ್ನ ತೆಗೆದ ಮೊಬೈಲ್ ಫೋಟೋವನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರದ ಸಾಫ್ಟ್‌ವೇರಿನಲ್ಲಿ ಆಟೋ ಟ್ರೇಸ್ (ಫೋಟೋದಿಂದ ತಾನಾಗಿ ಗೆರೆ ತೆಗೆಯುವುದು) ಮಾಡಿ, ಒಂದು ಸುರುಳಿಯನ್ನು 14 ಸೆಂ.ಮೀ. ಅಗಲಕ್ಕೆ ತಂದು, 200 ಡಿಪಿಐನಲ್ಲಿ (ಇಂಚಿಗೆ 200 ಚುಕ್ಕಿ) ಉದ್ದಕ್ಕೂ ಜೋಡಿಸಲಾಗಿದೆ.

ಬಂದ ದೋಷಗಳು: ಪ್ರತಿ 14 ಸೆಂ.ಮೀ.ಗೆ ಕೂದಲೆಳೆಯಷ್ಟು ಬಿಳಿ ಗೆರೆ. ಎಲೆಯ ತುದಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಮೊದಲ ಒಗೆತಕ್ಕೇ ಬಣ್ಣ ಮಂಕಾಯಿತು, ನೀಲಿ ಬಿಟ್ಟು ಬಿಳಿ ಒಡಲಿಗೆ ಹತ್ತಿತು. ಒಗೆದ ಮೇಲೆ ಉದ್ದ 528, ಅಗಲ 111.5 ಸೆಂ.ಮೀ. ಆಗಿದೆ. ಸೆರಗು ಶುರುವಾಗುವ ಕಡೆ ಸುರುಳಿ ನಡುವೆಯೇ ಕತ್ತರಿಸಿದೆ. ಎರಡೂ ಅಂಚಿನಲ್ಲಿ ಸುಮಾರು 1 ಸೆಂ.ಮೀ. ಬಿಳಿ ಉಳಿದಿದೆ. ಬಟ್ಟೆಯನ್ನು ಅಂಗಡಿಯಿಂದ ತಂದು ಒಮ್ಮೆ ನೀರಿಗೆ ಅದ್ದಿ ಒಣಗಿಸಿ ಕೊಟ್ಟದ್ದು. ಪ್ರಿಂಟಿಗೆ ಮುಂಚಿನ ಕೋಟಿಂಗ್ ಜೂನ್ ಕೊನೆಯಲ್ಲಿ ಆಯಿತು, ಪ್ರಿಂಟ್ ಅದಾಗಿ ಮೂರು ವಾರಕ್ಕೆ.

ಎರಡನೆಯದು ಜಕಾರ್ಡ್, ಅಂದರೆ ಮಗ್ಗದಲ್ಲೇ ಚಿತ್ತಾರ ನೇಯುವುದು. ರೇಷ್ಮೆ, ಇಂಚಿಗೆ ಹಾಸು (ಉದ್ದದ ನೂಲು) 100 ಎಳೆ, ಹೊಕ್ಕು (ಅಡ್ಡ ನೂಲು) 80 ಎಳೆ. 240 ಹುಕ್ಕಿನ ಜಕಾರ್ಡ್, ಅಂದರೆ 240 ಹಾಸನ್ನು ಬೇರೆಬೇರೆಯಾಗಿ ಎತ್ತಬಲ್ಲದ್ದು. ಕಸೂತಿಯ ತುಳಸಿಕಟ್ಟೆ, ಗ್ರಾಫ್ ಹಾಳೆಯಲ್ಲಿ 48 ಮನೆ ಅಗಲ, 60 ಮನೆ ಎತ್ತರ. ಒಂದು ಮನೆಗೆ 4 ಹಾಸು, 4 ಹೊಕ್ಕು ಕೊಟ್ಟು ನೇಯ್ದರೆ ಕಟ್ಟೆ ಗೋಪುರದಂತೆ ಉದ್ದವಾಗಿದೆ, ಒಳಗಿನ ಗೆರೆಗಳು ಒಂದಾಗಿ ಮುದ್ದೆಯಾಗಿವೆ. ಇದೇ ತುಳಸಿಕಟ್ಟೆಯನ್ನು ರವಿಕೆಗೆ ಎಂಬ್ರಾಯ್ಡರಿ ಮೆಷಿನ್ನಿನಲ್ಲಿ ತರಬಹುದೇ ಅನ್ನುವುದೂ ಪ್ರಶ್ನೆ.

---

ಗೆರೆಗಾರ, ಬೇಲೂರು

ಮೇಡಂ, ಪ್ರಿಂಟಿನ ಭಾಗ ನಾನು ಹೇಳುತ್ತೇನೆ. ಬಣ್ಣದ ವಿಷಯ ಬೇರೆಯವರು ಬರೆಯಲಿ.

ಮೊದಲು ಒಂದು ಮಾತು. ನೀವು ಆರಿಸಿದ ಎರಡು ಚಿತ್ತಾರಗಳ ಸ್ವಭಾವವೇ ಬೇರೆ. ಕಸೂತಿ ಎಣಿಕೆಯ ಕಲೆ, ಅದು ಹುಟ್ಟಿದ್ದೇ ನೂಲಿನ ಚೌಕದ ಮೇಲೆ. ಹೊಯ್ಸಳ ಬಳ್ಳಿ ಬಾಗುವ ಗೆರೆಯ ಕಲೆ. ಬಳ್ಳಿಯನ್ನು ಪ್ರಿಂಟಿಗೂ ಕಸೂತಿಯನ್ನು ಮಗ್ಗಕ್ಕೂ ಕೊಟ್ಟದ್ದು ಸರಿಯಾದ ಆಯ್ಕೆ. ತಪ್ಪಿರುವುದು ಅಳತೆಯಲ್ಲಿ. ಮೊದಲು ರಿಪೀಟಿನ (ಮತ್ತೆ ಮತ್ತೆ ಬರುವ ತುಂಡಿನ) ಉದ್ದ ನಿಶ್ಚಯವಾಗಬೇಕು, ಆಮೇಲೆ ಚಿತ್ರ. ನೀವು ಚಿತ್ರ ಮಾಡಿ ಆಮೇಲೆ ಅದನ್ನು ಸೀರೆಗೆ ಹೊಂದಿಸಲು ಹೋಗಿದ್ದೀರಿ.

ಲೆಕ್ಕ ಹೀಗೆ. ಒಡಲು 450, ಸೆರಗು 100 ಸೆಂ.ಮೀ. ಎರಡನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಬೇಕು. 14ರಿಂದ ಭಾಗಿಸಿದರೆ ಒಡಲಿಗೆ 32.14 ಸುರುಳಿ ಬರುತ್ತದೆ, ಆ 0.14 ಸುರುಳಿಯೇ ನಿಮ್ಮ ಸೆರಗಿನ ಬಳಿ ತುಂಡಾಗಿ ಕಾಣುತ್ತಿರುವುದು. 50 ಸೆಂ.ಮೀ. ರಿಪೀಟ್ ಹಿಡಿಯಿರಿ: ಒಡಲಿಗೆ 9, ಸೆರಗಿಗೆ 2, ಒಟ್ಟು 11. ಒಂದು ರಿಪೀಟಿನಲ್ಲಿ 12.5 ಸೆಂ.ಮೀ.ನ ನಾಲ್ಕು ಸುರುಳಿ.

ಈಗ ಕುಗ್ಗುವ ಲೆಕ್ಕ. 550 ಇದ್ದದ್ದು 528 ಆಗಿದೆ, ಅಂದರೆ ಉದ್ದದಲ್ಲಿ ಶೇ. 4. ಅಗಲದಲ್ಲಿ ಶೇ. 3. ಫೈಲಿನ ಅಳತೆಗೆ ಶೇ. 4 ಕೂಡಿಸುವುದಲ್ಲ, 0.96ರಿಂದ ಭಾಗಿಸಬೇಕು. 50 ÷ 0.96 = 52.08 ಸೆಂ.ಮೀ. ಅಂಚಿನ ಎತ್ತರ 10 ÷ 0.97 = 10.31 ಸೆಂ.ಮೀ. 200 ಡಿಪಿಐನಲ್ಲಿ ಇದು 4101 ಪಿಕ್ಸೆಲ್ ಉದ್ದ, 812 ಪಿಕ್ಸೆಲ್ ಎತ್ತರ. ಬಟ್ಟೆಯೂ 550 ಸಾಲದು, ಪ್ರಿಂಟ್ ಭಾಗಕ್ಕೇ 573 ಸೆಂ.ಮೀ. ಬೇಕು. ಬೇರೆ ಥಾನು ತಂದರೆ ಕುಗ್ಗುವ ಪ್ರಮಾಣ ಬೇರೆಯಾಗಬಹುದು. ಪ್ರತಿ ಥಾನಿನಿಂದಲೂ 50 ಸೆಂ.ಮೀ. ಚೌಕ ಗುರುತು ಹಾಕಿ, ಪ್ರಿಂಟ್ ಬಟ್ಟೆಗೆ ಮಾಡುವಷ್ಟೇ ಹಬೆ, ಬಿಸಿನೀರು ಎಲ್ಲ ಕೊಟ್ಟು ಒಣಗಿಸಿ ಮತ್ತೆ ಅಳೆಯಿರಿ.

ಕೂದಲೆಳೆಯ ಬಿಳಿ ಗೆರೆಗೆ ಕಾರಣ ಇಲ್ಲೇ ಇದೆ. 14 ಸೆಂ.ಮೀ. ಅಂದರೆ 200 ಡಿಪಿಐನಲ್ಲಿ 1102.36 ಪಿಕ್ಸೆಲ್. ಮುರುಕು ಪಿಕ್ಸೆಲ್ ಅನ್ನುವುದು ಇಲ್ಲ. ಕೊನೆಯ ಸಾಲಿನ ಪಿಕ್ಸೆಲ್ ಅರ್ಧ ಪಾರದರ್ಶಕವಾಗಿ ಉಳಿಯುತ್ತದೆ, ಜೋಡಿಸಿದಾಗ ಅಲ್ಲಿ ಬಟ್ಟೆಯ ಬಿಳಿ ಇಣುಕುತ್ತದೆ. ರಿಪೀಟ್ ಯಾವಾಗಲೂ ಪೂರ್ಣಾಂಕ ಪಿಕ್ಸೆಲ್ ಇರಬೇಕು. ಸೆಂ.ಮೀ.ನಲ್ಲಿ ನಾಲ್ಕನೇ ದಶಮಾಂಶ ಹೆಚ್ಚುಕಡಿಮೆಯಾದರೆ ನಷ್ಟವಿಲ್ಲ. ಬಿಳಿ ಗೆರೆ ಇಲ್ಲದೆ ಬಳ್ಳಿಯ ದಪ್ಪ ಮಾತ್ರ ಜೋಡಣೆಯಲ್ಲಿ ಎಗರಿದರೆ ಅದು ಚಿತ್ರದ ದೋಷ. ಕ್ರಿಟಾ ಅನ್ನುವ ಚಿತ್ರದ ಸಾಫ್ಟ್‌ವೇರಿನಲ್ಲಿ ಡಬ್ಲ್ಯೂ ಕೀ ಒತ್ತಿ ಸುತ್ತಲೂ ಪುನರಾವರ್ತನೆ ತೋರಿಸುವ ಮೋಡ್‌ನಲ್ಲಿ ಬರೆದರೆ ಅದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಬಳ್ಳಿ. ಗುಡಿಯ ಬಳಿ ನಿಂತು ಆ ಪಟ್ಟಿಯನ್ನು ಹತ್ತು ನಿಮಿಷ ನೋಡಿ. ಕಾಂಡ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಕಡೆ ಅದರ ಕೆಳಗೆ ಒಂದು ಸುರುಳಿ, ಇಳಿದ ಕಡೆ ಮೇಲೆ ಇನ್ನೊಂದು. ಒಂದು ಬಲಕ್ಕೆ ಸುತ್ತಿದರೆ ಮುಂದಿನದು ಎಡಕ್ಕೆ. ಸುರುಳಿಯೊಳಗೆ ಒಂದು ಕಡೆ ಹೂವು, ಒಂದು ಕಡೆ ಪುಟ್ಟ ಆಕೃತಿ. ಹಾಗಾಗಿ ಈ ಬಳ್ಳಿಯ ಅತಿ ಚಿಕ್ಕ ರಿಪೀಟ್ ಎರಡು ಸುರುಳಿ, ಒಂದಲ್ಲ. ಒಂದೇ ಸುರುಳಿಯನ್ನು ಸಾಲಾಗಿ ಇಟ್ಟರೆ ಕಾಂಡ ಹರಿಯುವುದಿಲ್ಲ, ಸಾಲಾಗಿ ಜೋಡಿಸಿದ ಚಕ್ಕುಲಿಯಂತೆ ಕಾಣುತ್ತದೆ. ಒಂದನ್ನು ಬರೆದು ತಲೆಕೆಳಗು ಮಾಡಿ ಪಕ್ಕಕ್ಕೆ ಇಡುವುದು ಸುಲಭ ದಾರಿ, ಎಲೆಗಳಿಗೆ ಅದು ನಡೆಯುತ್ತದೆ. ಆದರೆ ಒಳಗೆ ಹಕ್ಕಿಯೋ ಆಕೃತಿಯೋ ಇದ್ದರೆ ಅದೂ ತಲೆಕೆಳಗಾಗುತ್ತದೆ, ಅದನ್ನು ಬೇರೆಯಾಗಿಯೇ ಬರೆಯಬೇಕು. ನಾಲ್ಕು ಸುರುಳಿಯ ರಿಪೀಟ್ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ: ಕಲ್ಲಿನಲ್ಲಿ ಯಾವ ಎರಡು ಸುರುಳಿಯೂ ಒಂದೇ ತರ ಇಲ್ಲ. ಕನಿಷ್ಠ ನಾಲ್ಕಾದರೂ ಬೇರೆಬೇರೆ ಇದ್ದರೆ ಕಣ್ಣಿಗೆ ಅಚ್ಚಿನ ಭಾವ ಬರುವುದಿಲ್ಲ.

ಆಟೋ ಟ್ರೇಸ್ ಬಿಡಿ. ಕಲ್ಲಿನಲ್ಲಿ ಗೆರೆ ಇಲ್ಲ, ಇರುವುದು ನೆರಳು. ಬಳಪದ ಕಲ್ಲು ಮೆದು ಅಂತ ಶಿಲ್ಪಿಗಳು ಎಲೆಯ ಹಿಂದೆಯೂ ಕೊರೆದಿದ್ದಾರೆ, ಆ ಕಪ್ಪೆಲ್ಲ ಟ್ರೇಸಿನಲ್ಲಿ ಗೆರೆಯಾಗಿಬಿಡುತ್ತದೆ. ನಿಮ್ಮ ಎಲೆತುದಿಗಳು ಅಂಟಿಕೊಂಡಿರುವುದು ಇದರಿಂದಲೇ. ಫೋಟೋವನ್ನು ಕೆಳಗಿನ ಲೇಯರಿನಲ್ಲಿ ಶೇ. 30ಕ್ಕೆ ತೆಳು ಮಾಡಿ, ಮೊದಲು ಕಾಂಡದ ನಡುಗೆರೆ ಮಾತ್ರ ಪೆನ್ ಟೂಲಿನಲ್ಲಿ ಎಳೆಯಿರಿ. ಒಂದು ಸುರುಳಿಗೆ ಆರೇಳು ನೋಡ್ ಸಾಕು, ಜಾಸ್ತಿ ಇಟ್ಟಷ್ಟೂ ಗೆರೆ ನಡುಗುತ್ತದೆ. ಆಮೇಲೆ ಎಲೆಯ ಹೊರಗೆರೆ. ಕೊನೆಗೆ ಎಲೆಯ ನರ, ಅದೂ ಎಲೆಗೆ ಮೂರು ಸಾಕು. ಹತ್ತಿಯ ಮೇಲೆ ಗೆರೆ 0.5 ಮಿ.ಮೀ.ಗಿಂತ, ಅಂದರೆ 200 ಡಿಪಿಐನಲ್ಲಿ 4 ಪಿಕ್ಸೆಲ್‌ಗಿಂತ ಸಣ್ಣ ಬೇಡ. ಎರಡು ಬಣ್ಣದ ನಡುವಿನ ಖಾಲಿ ಜಾಗ ಅದಕ್ಕಿಂತ ಹೆಚ್ಚಿರಲಿ, 0.8 ಮಿ.ಮೀ. ಬಿಡಿ. ಬಣ್ಣ ಎರಡೂ ಕಡೆಯಿಂದ ಹರಡಿ ಮುಚ್ಚುವುದು ಖಾಲಿ ಜಾಗವನ್ನೇ.

ಫೋಟೋ ಮತ್ತೆ ತೆಗೆಯಿರಿ. ನಡುಮಧ್ಯಾಹ್ನದ ಬೆಳಕಿನಲ್ಲಿ ಮೇಲಿನ ಪಟ್ಟಿಯ ನೆರಳು ಕೆಳಗಿನದರ ಮೇಲೆ ಬೀಳುತ್ತದೆ. ತೆಳು ಮೋಡದ ದಿನ ಒಳ್ಳೆಯದು, ಇಲ್ಲವೇ ಓರೆ ಬಿಸಿಲು. ಮೂರು ಮೀಟರ್ ದೂರ ನಿಂತು ಝೂಮ್ ಮಾಡಿ. ಹತ್ತಿರದಿಂದ ವೈಡ್ ಲೆನ್ಸಿನಲ್ಲಿ ತೆಗೆದರೆ ತುದಿಯ ಸುರುಳಿಗಳು ಹಿಗ್ಗುತ್ತವೆ. ಮೊಬೈಲ್ ಪಟ್ಟಿಯ ಎತ್ತರಕ್ಕೇ ಇರಲಿ, ಕೂತು ತೆಗೆಯಬೇಕಾದರೆ ಕೂತು ತೆಗೆಯಿರಿ. ಒಂದರ ಅರ್ಧ ಮುಂದಿನದರಲ್ಲೂ ಬರುವಂತೆ ಪಕ್ಕಕ್ಕೆ ಸರಿಯುತ್ತ ಏಳೆಂಟು ಫೋಟೋ. ಕಲ್ಲಿನ ಮೇಲೆ ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುವುದು ಖಂಡಿತ ಬೇಡ. ಅದು ಸಂರಕ್ಷಿತ ಸ್ಮಾರಕ, 2023ರಿಂದ ಬೇಲೂರು, ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಟ್ರೈಪಾಡ್ ಒಯ್ಯುವುದಾದರೆ ಮೊದಲೇ ಅನುಮತಿ ಕೇಳಿ.

ಫೈಲ್ ಕೊಡುವಾಗ ಇಡೀ ಸೀರೆಯನ್ನು ಒಂದೇ ಪಿಎಸ್‌ಡಿ (ಫೋಟೋಶಾಪ್ ಫೈಲ್) ಆಗಿ ಉಳಿಸಲು ಹೋಗಬೇಡಿ. 11 ರಿಪೀಟ್ ಸೇರಿದರೆ 45,111 ಪಿಕ್ಸೆಲ್ ಉದ್ದ, ಪಿಎಸ್‌ಡಿಗೆ 30,000ವೇ ಮಿತಿ. ಅಂಚಿನ ಒಂದು ರಿಪೀಟನ್ನು ಟಿಫ್ ಮಾಡಿ ಕೊಟ್ಟು, ಎಷ್ಟು ಸಲ ಬರಬೇಕು ಅಂತ ಬರೆದುಕೊಡಿ. ಪ್ರಿಂಟರಿನ ಸಾಫ್ಟ್‌ವೇರೇ ಜೋಡಿಸಿಕೊಳ್ಳುತ್ತದೆ. ಸೆರಗು ಬೇರೆ ಫೈಲ್.

---

ಹಬೆಮನೆ, ಚಿಕ್ಕಮಗಳೂರು

ಬಣ್ಣ ಹೋದದ್ದಕ್ಕೆ ಕಾರಣ ಒಂದಲ್ಲ, ಮೂರು ಕಾಣುತ್ತಿವೆ.

ಅಂಗಡಿ ಬಟ್ಟೆಯಲ್ಲಿ ಗಂಜಿ ಇರುತ್ತದೆ. ತಣ್ಣೀರಿಗೆ ಅದ್ದಿದರೆ ಅದು ಹೋಗುವುದಿಲ್ಲ. ಪರೀಕ್ಷೆ ಸುಲಭ: ಬಟ್ಟೆ ಬಿಗಿಯಾಗಿ ಹಿಡಿದು ಒಂದು ಹನಿ ನೀರು ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಹೀರಿಕೊಂಡು ದುಂಡಗೆ ಹರಡಿದರೆ ಬಟ್ಟೆ ಸಿದ್ಧ. ಹನಿ ಮಣಿಯಂತೆ ನಿಂತರೆ ಗಂಜಿಯೋ ಮೇಣವೋ ಇನ್ನೂ ಇದೆ, ಬಣ್ಣ ನೂಲಿನ ಒಳಗೆ ಹೋಗದೆ ಮೇಲೇ ಕೂರುತ್ತದೆ. ಥಾನಿನ ಮೂರು ಕಡೆ ಹನಿ ಬಿಟ್ಟು ನೋಡಿ, ಒಂದು ಕಡೆ ಸಾಲದು. ಸಾಧ್ಯವಾದರೆ ಪ್ರಿಂಟಿಗೆಂದೇ ಗಂಜಿ ತೆಗೆದು ಬ್ಲೀಚ್ ಮಾಡಿದ ಬಟ್ಟೆಯನ್ನೇ ತನ್ನಿ.

ಎರಡನೆಯದು ಕೋಟಿಂಗ್. ಹತ್ತಿಗೆ ರಿಯಾಕ್ಟಿವ್ ಇಂಕ್. ಆ ಇಂಕ್ ನೂಲಿಗೆ ಕಚ್ಚಿಕೊಳ್ಳಲು ಕ್ಷಾರ ಬೇಕು. ಅದನ್ನು ಇಂಕಿನೊಳಗೇ ಹಾಕಿದರೆ ಇಂಕ್ ಕೆಡುತ್ತದೆ, ಆದ್ದರಿಂದ ಬಟ್ಟೆಗೆ ಮೊದಲೇ ಕೊಡುತ್ತಾರೆ. ಸಾಮಾನ್ಯವಾಗಿ 1 ಲೀಟರ್ ನೀರಿಗೆ ಯೂರಿಯಾ 100 ಗ್ರಾಂ, ಅಡುಗೆ ಸೋಡಾ 25ರಿಂದ 30 ಗ್ರಾಂ, ಸೋಡಿಯಂ ಆಲ್ಜಿನೇಟ್ 10ರಿಂದ 15 ಗ್ರಾಂ, ರೆಸಿಸ್ಟ್ ಸಾಲ್ಟ್ 10 ಗ್ರಾಂ. ಆಲ್ಜಿನೇಟ್ ಇಂಕ್ ಹರಡದಂತೆ ಹಿಡಿಯುತ್ತದೆ, ಯೂರಿಯಾ ಹಬೆಯಲ್ಲಿ ತೇವ ಎಳೆದುಕೊಂಡು ಬಣ್ಣ ನೂಲಿನೊಳಗೆ ಇಳಿಯಲು ದಾರಿ ಮಾಡುತ್ತದೆ, ರೆಸಿಸ್ಟ್ ಸಾಲ್ಟ್ ಹಬೆಯಲ್ಲಿ ಬಣ್ಣ ಕೆಡದಂತೆ ಕಾಯುತ್ತದೆ. ಆ ಯೂರಿಯಾವೇ ನಮ್ಮ ಮಳೆಗಾಲಕ್ಕೆ ವೈರಿ. ಜೂನ್ ಕೊನೆಯಿಂದ ಮೂರು ವಾರ ಕೋಟಿಂಗ್ ಬಟ್ಟೆ ತೆರೆದಿಟ್ಟರೆ ಗಾಳಿಯ ತೇವವನ್ನೆಲ್ಲ ಹೀರಿರುತ್ತದೆ. ಮುಟ್ಟಿದರೆ ತಣ್ಣಗೆ, ಸ್ವಲ್ಪ ಅಂಟಂಟು. ಅದರ ಮೇಲೆ ಪ್ರಿಂಟ್ ಬಿದ್ದರೆ ಗೆರೆ ಹರಡುತ್ತದೆ. ಗೆರೆಗಾರ ಅವರು ಹೇಳಿದ ಟ್ರೇಸಿನ ದೋಷದ ಜೊತೆ ಇದೂ ಸೇರಿದೆ. ಕೋಟಿಂಗ್ ಆಗಿ ಒಣಗಿದ ಕೂಡಲೆ ಪಾಲಿಥೀನಿನಲ್ಲಿ ಸುತ್ತಿ ಬಾಯಿ ಮುಚ್ಚಿಡಿ, ಆದಷ್ಟು ಬೇಗ ಪ್ರಿಂಟ್ ಮಾಡಿಸಿ. ಪ್ರಿಂಟ್ ಆದ ಬಟ್ಟೆಯನ್ನೂ ಹಬೆಗೆ ಕಾಯಿಸಬೇಡಿ.

ಕೋಟಿಂಗ್ ನೀವೇ ಮಾಡುವುದಾದರೆ ಬೋರ್‌ವೆಲ್ ನೀರಿನ ಬಗ್ಗೆ ಎಚ್ಚರ. ಗಡಸು ನೀರಿನ ಕ್ಯಾಲ್ಸಿಯಂ ಆಲ್ಜಿನೇಟನ್ನು ಗಂಟುಗಂಟಾಗಿಸುತ್ತದೆ, ಆ ಗಂಟು ಬಿದ್ದಲ್ಲಿ ಪ್ರಿಂಟಿನ ಮೇಲೆ ಮಚ್ಚೆ. ಮಳೆನೀರು ಹಿಡಿದಿಟ್ಟು ಬಳಸಿ, ಇಲ್ಲವೇ ಲೀಟರಿಗೆ 1ರಿಂದ 2 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಮೊದಲು ಕರಗಿಸಿ, ಆಮೇಲೆ ಆಲ್ಜಿನೇಟ್ ಹಾಕಿ. ಆಲ್ಜಿನೇಟನ್ನು ಒಂದೇ ಸಲ ಸುರಿಯದೆ ಕಲಕುತ್ತ ಉದುರಿಸಿ, ರಾತ್ರಿ ನೆನೆಯಲು ಬಿಡಿ.

ಮೂರನೆಯದು ಹಬೆ ಮತ್ತು ಒಗೆತ. ಹತ್ತಿಗೆ 102 ಡಿಗ್ರಿ ತೇವದ ಹಬೆಯಲ್ಲಿ 8ರಿಂದ 10 ನಿಮಿಷ. ಡ್ರಮ್ಮಿನಲ್ಲಿ ಸುತ್ತಿಟ್ಟು ಹಬೆ ಕೊಡುವ ಕಡೆ ಒಳಸುತ್ತಿಗೆ ಹಬೆ ತಲುಪಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹೊರಸುತ್ತು ಕಡು, ಒಳಸುತ್ತು ತೆಳು ಬಂದರೆ ಅದೇ ಗುರುತು. ಮುಚ್ಚಳದ ನೀರು ತೊಟ್ಟಿಕ್ಕದಂತೆ ಮೇಲೆ ದಪ್ಪ ಬಟ್ಟೆ ಹೊದಿಸಬೇಕು.

ಸರಿಯಾಗಿ ಹಬೆ ಕೊಟ್ಟರೂ ಎಲ್ಲ ಬಣ್ಣವೂ ನೂಲಿಗೆ ಹಿಡಿಯುವುದಿಲ್ಲ. ಉಳಿದದ್ದನ್ನು ತೆಗೆಯುವ ಕ್ರಮ ತಪ್ಪಿದ್ದಕ್ಕೆ ನಿಮ್ಮ ನೀಲಿ ಬಿಳಿಗೆ ಹತ್ತಿರುವುದು. ಮೊದಲು ಹರಿಯುವ ತಣ್ಣೀರು, ನೀರು ಹೆಚ್ಚುಕಡಿಮೆ ತಿಳಿಯಾಗುವವರೆಗೆ. ಆಮೇಲೆ 60 ಡಿಗ್ರಿ ನೀರು. ಆಮೇಲೆ 90ರಿಂದ 95 ಡಿಗ್ರಿಯಲ್ಲಿ ಕ್ಷಾರವಿಲ್ಲದ ಸೋಪು ಲೀಟರಿಗೆ 1ರಿಂದ 2 ಗ್ರಾಂ ಹಾಕಿ ಹತ್ತು ನಿಮಿಷ. ಕೊನೆಗೆ ಮತ್ತೆ ತಣ್ಣೀರು. ನಡುವೆ ಬಟ್ಟೆಯನ್ನು ಒದ್ದೆ ಮುದ್ದೆಯಾಗಿ ಬಿಡಲೇಬಾರದು. ಮುಗಿದಿದೆಯೇ ನೋಡಲು, ಒದ್ದೆ ಬಿಳಿ ಚೂರನ್ನು ಪ್ರಿಂಟಿನ ಮೇಲಿಟ್ಟು ಇಸ್ತ್ರಿ ಒತ್ತಿ. ಚೂರಿಗೆ ಬಣ್ಣ ಬಂದರೆ ಸೋಪಿನ ಸುತ್ತು ಇನ್ನೊಮ್ಮೆ.

ಸೀರೆಗೆ ಮುಂಚೆ ಬಣ್ಣದ ಚಾರ್ಟ್ ಹೊಡೆಸಿ. ಅರಿಸಿನ, ಕುಂಕುಮ, ನೀಲಿ, ಗಿಳಿಹಸಿರು, ಕಾಡಿಗೆ, ಈ ಐದು ಬಣ್ಣ, ಪ್ರತಿಯೊಂದಕ್ಕೂ ಐದು ಮಟ್ಟ. 3 ಸೆಂ.ಮೀ. ಚೌಕ ಇಟ್ಟರೆ 15 ಸೆಂ.ಮೀ. ಚೂರಿನಲ್ಲಿ ಎಲ್ಲ ಹಿಡಿಯುತ್ತದೆ. ಅದೇ ಬಟ್ಟೆ, ಅದೇ ಹಬೆ, ಅದೇ ಒಗೆತ. ಆಮೇಲೆ ಹಗಲು ಬೆಳಕಿನಲ್ಲಿ ನೋಡಿ ಆರಿಸಿ. ಪರದೆಯ ಗಿಳಿಹಸಿರು ಬಟ್ಟೆಯಲ್ಲಿ ಹಾಗೇ ಬರುವುದಿಲ್ಲ. ಫೈಲ್ ಆರ್‌ಜಿಬಿಯಲ್ಲೇ ಪ್ರೊಫೈಲ್ ಸೇರಿಸಿ ಕೊಡಿ. ಕಾಗದದ ಪ್ರೆಸ್ಸಿಗೆ ಮಾಡುವಂತೆ ಸಿಎಂವೈಕೆ ಮಾಡಿ ಕೊಟ್ಟರೆ ಅಲ್ಲೇ ಅರ್ಧ ಹೊಳಪು ಹೋಗುತ್ತದೆ.

ಅಂಚಿನ ಬಿಳಿಗೆ ಪರಿಹಾರ ಪ್ರಿಂಟಿನಲ್ಲಿ ಇಲ್ಲ. ಬಟ್ಟೆ ಹಿಡಿಯಲು ಮೆಷಿನ್ನಿಗೆ ಆ ಜಾಗ ಬೇಕು. ಹೆಚ್ಚು ಅಗಲದ ಬಟ್ಟೆ ತಂದು ಕತ್ತರಿಸಿ ಅಂಚು ಮಡಚಿ ಹೊಲಿಯಿರಿ, ಅಥವಾ ಆ ಬಿಳಿಯನ್ನೇ ಡಿಸೈನಿಗೆ ಸೇರಿಸಿ ಅಂಚಿನ ಹೊರಗೆರೆ ಮಾಡಿಕೊಳ್ಳಿ.

---

ಬಳ್ಳಿಅಂಚು, ಹಾಸನ

ಇಬ್ಬರಿಗೂ ತುಂಬಾ ಧನ್ಯವಾದ. ಹನಿ ನೀರಿನ ಪರೀಕ್ಷೆ ಉಳಿದ ಥಾನಿನ ಮೇಲೆ ಮಾಡಿದರೆ ಹನಿ ಅರ್ಧ ನಿಮಿಷ ನಿಂತೇ ಇರುತ್ತದೆ, ಗಂಜಿ ಖಾತ್ರಿ. ಹಬೆಮನೆ ಅವರೇ, ಇದೇ ಬಳ್ಳಿಯನ್ನು ರೇಷ್ಮೆಗೆ ಹಾಕುವುದಾದರೆ ಕೋಟಿಂಗ್ ಇದೇ ಸಾಕೇ? ಇನ್ನೊಂದು, ಟೀ ಶರ್ಟ್, ಕಪ್ಪಿಗೆ ಪ್ರಿಂಟ್ ಹಾಕುವ ಕಡೆ ಕಾಗದದಿಂದ ಬಿಸಿ ಒತ್ತಿ ಮಾಡಿಕೊಡುತ್ತೇವೆ ಅನ್ನುತ್ತಾರೆ. ಅದು ಹತ್ತಿಗೆ ನಡೆಯುತ್ತದೆಯೇ?

---

ಹಬೆಮನೆ, ಚಿಕ್ಕಮಗಳೂರು

ನಡೆಯುವುದಿಲ್ಲ. ಅದು ಸಬ್ಲಿಮೇಶನ್, ಪಾಲಿಯೆಸ್ಟರಿಗೆ ಮಾತ್ರ. ಸುಮಾರು 200 ಡಿಗ್ರಿಯಲ್ಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರಿನೊಳಗೆ ಸೇರುತ್ತದೆ. ಹತ್ತಿಗೂ ರೇಷ್ಮೆಗೂ ಅದು ಸೇರುವುದಿಲ್ಲ, ಒಗೆದರೆ ಹೋಗುತ್ತದೆ. ಆರ್ಟ್ ಸಿಲ್ಕ್ ಅಂತ ಕೊಡುವ ಬಟ್ಟೆ ಪಾಲಿಯೆಸ್ಟರೇ ಇರಬಹುದು. ಒಂದು ಎಳೆ ಸುಟ್ಟು ನೋಡಿ, ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ರೇಷ್ಮೆಗೆ ಸೋಡಾ ಆಶ್ ಬೇಡ, ನೂಲು ಒರಟಾಗುತ್ತದೆ. ರಿಯಾಕ್ಟಿವ್ ಇಂಕಾದರೆ ಅಡುಗೆ ಸೋಡಾದ ಕೋಟಿಂಗೇ ಆಗಲಿ. ಆಸಿಡ್ ಇಂಕ್ ಇರುವ ಕಡೆ ಕೋಟಿಂಗ್ ಪೂರ್ತಿ ಬೇರೆ, ಹಬೆಯೂ ಅರ್ಧ ಗಂಟೆಯ ಮೇಲೆ ಬೇಕು. ಯಾವ ಇಂಕ್ ಅಂತ ಕೇಳದೆ ಬಟ್ಟೆ ಸಿದ್ಧ ಮಾಡಬೇಡಿ. ತೆಳು ರೇಷ್ಮೆಯಲ್ಲಿ ಹಿಂಬದಿಗೂ ಬಣ್ಣ ಇಳಿಯುತ್ತದೆ, ಸೆರಗಿಗೆ ಅದು ದೊಡ್ಡ ಲಾಭ. ದಪ್ಪ ಹತ್ತಿಯಲ್ಲಿ ಹಿಂಬದಿ ಮಂಕಾಗೇ ಇರುತ್ತದೆ.

---

ಹಾಸುಹೊಕ್ಕು, ಅರಸೀಕೆರೆ

ಜಕಾರ್ಡಿಗೆ ಬರುತ್ತೇನೆ. ಗ್ರಾಫ್ ಹಾಳೆಯ ಮನೆ ಚೌಕ. ಮಗ್ಗದ ಮನೆ ಚೌಕವಲ್ಲ. ಇಂಚಿಗೆ 100 ಹಾಸು, 80 ಹೊಕ್ಕು ಇರುವಾಗ 4ಕ್ಕೆ 4 ಕೊಟ್ಟರೆ ಅಗಲ 48 × 4 ÷ 100 = 1.92 ಇಂಚು, ಎತ್ತರ 60 × 4 ÷ 80 = 3 ಇಂಚು. ಇರಬೇಕಾದದ್ದಕ್ಕಿಂತ ಕಾಲು ಭಾಗ ಉದ್ದ. ಒಂದು ಮನೆಗೆ 5 ಹಾಸು, 4 ಹೊಕ್ಕು ಕೊಡಿ, ಎರಡೂ 0.05 ಇಂಚು, ಸರಿಯಾದ ಚೌಕ.

ಆದರೆ ಗೆರೆ ಮುದ್ದೆಯಾಗಿದ್ದಕ್ಕೆ ಕಾರಣ ಬೇರೆ. ತುಳಸಿಕಟ್ಟೆ ಹೆಚ್ಚಾಗಿ ಗವಂತಿಯ, ಅಂದರೆ ಕಸೂತಿಯ ಗೆರೆ ಹೊಲಿಗೆ. ಗವಂತಿಯ ಎಳೆ ಮನೆಯೊಳಗೆ ಕೂರುವುದಿಲ್ಲ, ಮನೆಯ ಗಡಿಯ ಮೇಲೆ ಓಡುತ್ತದೆ. ನೀವು ಗೆರೆ ಬಂದ ಕಡೆಯೆಲ್ಲ ಇಡೀ ಮನೆ ತುಂಬಿದ್ದೀರಿ. ಒಂದು ಮನೆ ಅಂತರದ ಎರಡು ಗೆರೆಗಳು ಹಾಗೆ ತುಂಬಿದರೆ ಅಂಟಿಕೊಳ್ಳಲೇಬೇಕು. ಹಾಗಾಗಿ 5 ಹಾಸಿನ ಮನೆಯನ್ನು ಒಡೆಯಿರಿ: 3 ಹಾಸು ಗೆರೆಗೆ, 2 ಖಾಲಿ. 4 ಹೊಕ್ಕಿನಲ್ಲಿ 2 ಗೆರೆಗೆ, 2 ಖಾಲಿ.

ಈಗ ಹುಕ್ಕಿನ ಲೆಕ್ಕ ನೋಡಿ, ಇಲ್ಲಿ ಬಹಳ ಜನ ಎಡವುತ್ತಾರೆ. 48 ಮನೆಗೆ ಗಡಿಗೆರೆ 49. ಕೊನೆಯ ಗೆರೆ ಸೇರಿ 48 × 5 + 3 = 243 ಹಾಸು. ನಿಮ್ಮಲ್ಲಿ ಇರುವುದು 240. ಮೂರು ಎಳೆಗೆ ಕೊನೆಯ ಕಂಬ ಮುಂದಿನ ಬುಟ್ಟಾದ ಮೇಲೆ ಬೀಳುತ್ತದೆ. ಎರಡೂ ಬದಿಯಿಂದ ಒಂದೊಂದು ಮನೆ ತೆಗೆದು 46 ಮಾಡಿ: 46 × 5 + 3 = 233. ಉಳಿದ 7 ಹುಕ್ಕು ಬುಟ್ಟಾಗಳ ನಡುವಿನ ಜಾಗ. ಒಂದೇ ಬದಿಯಿಂದ ತೆಗೆಯಬೇಡಿ, ನಡುಗೆರೆ ಜಾರಿ ತುಳಸಿ ಗಿಡ ಕಟ್ಟೆಯ ಒಂದು ಪಕ್ಕಕ್ಕೆ ಹೋಗುತ್ತದೆ. ಎತ್ತರ 60 × 4 + 2 = 242, ಬುಟ್ಟಾದ ಹೊಕ್ಕಿಗೆ 242 ಕಾರ್ಡ್ (ಯಾವ ಹುಕ್ಕು ಏಳಬೇಕೆಂದು ತೂತು ಹಾಕಿದ ರಟ್ಟು). ಎಲೆಕ್ಟ್ರಾನಿಕ್ ಜಕಾರ್ಡಾದರೆ ಕಾರ್ಡ್ ಇಲ್ಲ, ಲೆಕ್ಕ ಇದೇ.

ಕಟ್ಟೆಯ ಮೇಲಿನ ಅಡ್ಡಗೆರೆಗಳಲ್ಲಿ ಬುಟ್ಟಾ ಎಳೆ ತುಂಬಾ ದೂರ ತೇಲುತ್ತದೆ. ಹತ್ತು ಮನೆ ಅಂದರೆ 50 ಹಾಸಿನ ಮೇಲೆ ಅರ್ಧ ಇಂಚು, ಬಳೆಗೆ ಸಿಕ್ಕಿ ಎಳೆದು ಬರುತ್ತದೆ. 4 ಹಾಸಿನ ಮೇಲೆ, 1ರ ಕೆಳಗೆ ಕಟ್ಟಿ, ತೇಲು 1 ಮಿ.ಮೀ. ಮಾತ್ರ ಆಗುತ್ತದೆ. ಎರಡನೇ ಹೊಕ್ಕಿನಲ್ಲಿ ಕಟ್ಟು 2 ಹಾಸು ಪಕ್ಕಕ್ಕೆ ಸರಿಸಿ. ಎರಡೂ ಒಂದರ ಕೆಳಗೊಂದು ಬಂದರೆ ಗೆರೆಯಲ್ಲಿ ತೂತಿನ ಸಾಲು ಕಾಣುತ್ತದೆ. ಬುಟ್ಟಾ ಎಳೆಗೆ ಒಡಲಿನ ನೂಲಿಗಿಂತ ದಪ್ಪದ್ದನ್ನು ಹಾಕಿ, ಇಲ್ಲದಿದ್ದರೆ 3 ಹಾಸಿನ ನಿಲುಗೆರೆ ಕಣ್ಣಿಗೆ ಹತ್ತುವುದಿಲ್ಲ. ಮತ್ತು ಬುಟ್ಟಾಕ್ಕೊಂದು ಕಿರು ಲಾಳಿ ಇಟ್ಟರೆ ಹಿಂಬದಿಯಲ್ಲಿ ಎಳೆ ಕತ್ತರಿಸುವ ಕೆಲಸವೇ ಇರುವುದಿಲ್ಲ.

ಕಸೂತಿಯ ಇನ್ನೊಂದು ಹೊಲಿಗೆಯಾದ ನೇಗಿಯ ಚಿತ್ತಾರ ಇದ್ದರೆ ಮಗ್ಗಕ್ಕೆ ಇನ್ನೂ ಸಲೀಸು, ಅದು ನೋಡಲೂ ನೇಯ್ದಂತೆಯೇ ಇರುತ್ತದೆ. ಮೆಂತಿಯೂ ಪರವಾಗಿಲ್ಲ, ಮನೆ ತುಂಬುವ ಹೊಲಿಗೆ. ಗವಂತಿಗೆ, ಮೆಟ್ಟಿಲಿನಂತೆ ಹೋಗುವ ಮುರ್ಗಿಗೆ ಮಾತ್ರ ಈ ಗೆರೆ-ಖಾಲಿ ಲೆಕ್ಕ ಬೇಕೇ ಬೇಕು.

---

ಎಣಿಕೆಸೂಜಿ, ಹಾಸನ

ರವಿಕೆಯ ಪ್ರಶ್ನೆಗೆ: ಮೆಷಿನ್ನಿನಲ್ಲಿ ಬರುತ್ತದೆ ಅಕ್ಕ, ಆದರೆ ಗವಂತಿಯ ಒಳಗುಟ್ಟು ತಿಳಿದು ಫೈಲ್ ಮಾಡಬೇಕು.

ಕೈಯಲ್ಲಿ ಗವಂತಿ ಹಾಕುವವರು ಹೋಗುವಾಗ ಒಂದು ಮನೆ ಬಿಟ್ಟು ಒಂದು ಹೊಲಿಯುತ್ತಾರೆ, ಬರುವಾಗ ಬಿಟ್ಟದ್ದನ್ನು ತುಂಬುತ್ತಾರೆ. ಪ್ರತಿ ಗೆರೆಯ ಮೇಲೂ ಎರಡು ಸಲ ಓಡಾಡುವುದರಿಂದ ಚಿತ್ತಾರ ಎಷ್ಟೇ ಕವಲೊಡೆದಿದ್ದರೂ ಹೊರಟ ಜಾಗಕ್ಕೇ ಎಳೆ ಕತ್ತರಿಸದೆ ವಾಪಸ್ ಬರಬಹುದು. ಗಂಟಿಲ್ಲದೆ ಎರಡೂ ಮುಖ ಒಂದೇ ತರ ಬರುವುದು ಇದರಿಂದ. ಮೆಷಿನ್ನಿಗೂ ಇದೇ ದಾರಿ ಬರೆಯಿರಿ. ಇಂಕ್‌ಸ್ಕೇಪಿಗೆ ಇಂಕ್‌ಸ್ಟಿಚ್ ಅನ್ನುವ ಉಚಿತ ಸೇರ್ಪಡೆ ಇದೆ. ಅದರಲ್ಲಿ ರನ್ನಿಂಗ್ ಹೊಲಿಗೆಯಾಗಿ ಒಂದೇ ಪಾತ್ ಎಳೆಯಿರಿ: ಕಟ್ಟೆಯ ಬುಡದಿಂದ ಹೊರಟು, ಪ್ರತಿ ಕವಲಿಗೂ ಹೋಗಿ ಬಂದು, ಬುಡಕ್ಕೇ ಮುಗಿಯಲಿ. ದಾರ ಹಾರುವ ಜಂಪ್, ಕತ್ತರಿಸುವ ಟ್ರಿಮ್ ಒಂದೂ ಬರಬಾರದು.

ವ್ಯತ್ಯಾಸ ಒಂದಿದೆ. ಮೆಷಿನ್ ಹೋಗುವಾಗಲೂ ತುಂಬುತ್ತದೆ, ಬರುವಾಗಲೂ ತುಂಬುತ್ತದೆ. ಗೆರೆ ಇಮ್ಮಡಿ ದಪ್ಪವಾಗುತ್ತದೆ. ಅದಕ್ಕೆ ಮಾಮೂಲಿ 40 ನಂಬರ್ ದಾರ ಬಿಟ್ಟು 60 ನಂಬರ್ ದಾರ, 65/9 ಸೂಜಿ ಹಾಕಿ. ಬಾಬಿನ್ನಿಗೂ ಅದೇ ಬಣ್ಣದ ದಾರ.

ಮನೆಯ ಅಳತೆ 2 ಮಿ.ಮೀ. ಇಟ್ಟರೆ 48 × 60 ಮನೆಗೆ 96 × 120 ಮಿ.ಮೀ., 100 × 100ರ ಚೌಕಟ್ಟಿನಲ್ಲಿ ಹಿಡಿಯುವುದಿಲ್ಲ. 1.6 ಮಿ.ಮೀ. ಮಾಡಿದರೆ 76.8 × 96, ಹಿಡಿಯುತ್ತದೆ. 1 ಮಿ.ಮೀ.ಗಿಂತ ಕೆಳಗೆ ಹೋದರೆ ದಾರ ಕಡಿಯುತ್ತದೆ, ಬಟ್ಟೆಯಲ್ಲಿ ತೂತು ಬೀಳುತ್ತದೆ. ಹೊಲಿಗೆಯ ಉದ್ದವೂ 1.6 ಇರಲಿ, ಮತ್ತು ಪ್ರತಿ ಮನೆಯ ಮೂಲೆಯಲ್ಲೂ ಒಂದು ನೋಡ್ ಇಡಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಮೂಲೆ ಕಡಿದು ಓಡುತ್ತದೆ, ಮುರ್ಗಿಯ ಮೆಟ್ಟಿಲು ಅಲೆಯಾಗಿಬಿಡುತ್ತದೆ.

ಬಟ್ಟೆಯನ್ನು ಚೌಕಟ್ಟಿಗೆ ಕೂರಿಸುವಾಗ ನೂಲಿನ ನೇರ ತಪ್ಪಬಾರದು. 1 ಡಿಗ್ರಿ ಓರೆಯಾದರೂ 96 ಮಿ.ಮೀ. ಎತ್ತರದಲ್ಲಿ 1.7 ಮಿ.ಮೀ., ಅಂದರೆ ಒಂದು ಪೂರ್ತಿ ಮನೆ ಸರಿಯುತ್ತದೆ. ಕಸೂತಿ ಬಲ್ಲ ಕಣ್ಣಿಗೆ ಅದು ಕೂಡಲೇ ಗೊತ್ತಾಗುತ್ತದೆ. ರವಿಕೆ ತುಂಡಿನ ಹೊಲಿಗೆಯೊಳಗೆ ಹೋಗುವ ಭಾಗದಲ್ಲಿ ಒಂದು ಹಾಸಿನ ಎಳೆ ಎಳೆದು ತೆಗೆಯಿರಿ, ಆ ಸಂದೇ ನೇರಗೆರೆ. ಅದಕ್ಕೆ ಚೌಕಟ್ಟಿನ ಗುರುತು ಹೊಂದಿಸಿ. ಕೆಳಗೆ ಹರಿದು ತೆಗೆಯುವ ಬ್ಯಾಕಿಂಗ್ ಹಾಕದಿದ್ದರೆ ಬಟ್ಟೆ ಸುಕ್ಕು ಕಟ್ಟುತ್ತದೆ. ಫೈಲ್ ನಿಮ್ಮ ಮೆಷಿನ್ನಿಗೆ ತಕ್ಕಂತೆ ಡಿಎಸ್‌ಟಿ, ಪಿಇಎಸ್ ಅಥವಾ ಜೆಇಎಫ್. ಡಿಎಸ್‌ಟಿಯಲ್ಲಿ ದಾರದ ಬಣ್ಣ ಉಳಿಯುವುದಿಲ್ಲ, ಬಣ್ಣದ ಕ್ರಮ ಬರೆದಿಟ್ಟುಕೊಳ್ಳಿ.

ಒಂದು ವಿನಂತಿ. ಕಸೂತಿಗೆ ಭೌಗೋಳಿಕ ಸೂಚ್ಯಂಕ ಇದೆ, ಅದು ಧಾರವಾಡ ಸೀಮೆಯ ಕೈಹೊಲಿಗೆ. ಮಗ್ಗದಲ್ಲೋ ಮೆಷಿನ್ನಿನಲ್ಲೋ ಮಾಡಿದ್ದಕ್ಕೆ ಚೀಟಿಯಲ್ಲಿ ‘ಕಸೂತಿ’ ಅಂತ ಬರೆಯಬೇಡಿ. ‘ಕಸೂತಿ ಚಿತ್ತಾರದ ಮಾದರಿ, ಜಕಾರ್ಡ್ ನೇಯ್ಗೆ’ ಅಂತ ಬರೆಯಿರಿ. ಎಳೆ ಎಣಿಸಿ ಕಣ್ಣು ಸವೆಸುವವರ ಕೂಲಿ ಆ ಒಂದು ಪದದ ಮೇಲೆ ನಿಂತಿದೆ.

---

ಗೆರೆಗಾರ, ಬೇಲೂರು

ಎಣಿಕೆಸೂಜಿ ಅವರ ಕೊನೆಯ ಮಾತಿಗೆ ನನ್ನದೂ ದನಿಗೂಡಿಸುತ್ತೇನೆ.

ಒಂದು ಬಿಟ್ಟುಹೋಗಿತ್ತು. ಸುರುಳಿಯೊಳಗಿನ ಆಕೃತಿ ಆರಿಸುವಾಗ ದೇವರ ರೂಪ ಕೆಳಅಂಚಿಗೆ ಬೇಡ, ಅದು ಕಾಲಿಗೆ ತಾಗುವ ಜಾಗ. ಅಲ್ಲಿ ಹೂವು, ಹಂಸ, ಎಲೆ ಇರಲಿ. ನೆರಿಗೆ ಬೀಳುವ ಭಾಗದಲ್ಲಿ ದೊಡ್ಡ ಆಕೃತಿ ಹಾಕಿದರೂ ಮಡಿಕೆಯಲ್ಲಿ ಮುಚ್ಚಿಹೋಗುತ್ತದೆ. ಸೆರಗಿಗೆ ಬೇಲೂರಿನ ಜಾಲಂಧ್ರದ (ಕಲ್ಲಿನ ಜಾಲರಿಯ) ನಕ್ಷತ್ರಾಕಾರದ ತೂತುಗಳ ವಿನ್ಯಾಸ ನೋಡಿ, ಅದು ಅಡ್ಡಕ್ಕೂ ಉದ್ದಕ್ಕೂ ತಾನೇ ಜೋಡಿಯಾಗುವ ಜ್ಯಾಮಿತಿ. ಚಿಕ್ಕಮಗಳೂರು ಕಡೆ ಹೋದರೆ ಅಮೃತಾಪುರದ ಅಮೃತೇಶ್ವರ ಗುಡಿಯನ್ನೂ, ಬೆಳವಾಡಿಯ ವೀರನಾರಾಯಣ ಗುಡಿಯನ್ನೂ ನೋಡಿ ಬನ್ನಿ. ಬೆಳವಾಡಿಯ ಕಡೆದ ಕಂಬಗಳ ಉಂಗುರಗಳು ಸೆರಗಿನ ಅಡ್ಡಪಟ್ಟಿಗೆ ಅಳತೆ ಸಮೇತ ಸಿದ್ಧವಾಗಿ ನಿಂತಿವೆ.

---

ಬಳ್ಳಿಅಂಚು, ಹಾಸನ

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಮೊದಲು ಹೊಸ ಬಟ್ಟೆಯ 50 ಸೆಂ.ಮೀ. ಚೌಕ ಕುಗ್ಗಿಸಿ ನೋಡುವುದು, ಜೊತೆಗೆ ಬಣ್ಣದ ಚಾರ್ಟ್. ಬಳ್ಳಿಯನ್ನು ನಾಲ್ಕು ಸುರುಳಿಗೆ 4101 × 812 ಪಿಕ್ಸೆಲ್‌ನಲ್ಲಿ ಹೊಸದಾಗಿ ಬರೆಯುವುದು, ಚೌಕದ ಅಳತೆ ಬೇರೆ ಬಂದರೆ ಆ ಸಂಖ್ಯೆ ತಿದ್ದುವುದು. ತುಳಸಿಕಟ್ಟೆಗೆ 46 ಮನೆಯ ಗ್ರಾಫ್ ಇವತ್ತೇ ಶುರು. ಕೋಟಿಂಗ್ ಮಾತ್ರ ಮಳೆ ನಿಂತ ಮೇಲೆ.